ಮೊದಲ ಕುಂಬಳಕಾಯಿ

ನಾನು ಒಂದು ಕಾರು. ಈ ದೇಶದ ಕಬ್ಬಿಣದಿಂದ, ಈ ದೇಶದವರ ಕೈಯಲ್ಲೇ, ಕಲ್ಕತ್ತೆಯ ಕಡೆಯ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ಈಚೆಗೆ ಕೆಲವರು ನನ್ನನ್ನು ‘ವಿಂಟೇಜ್’ ಎನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದೇ ಬಾಯಿಗಳು ನನ್ನನ್ನು ಡಬ್ಬಾ ಎಂದದ್ದನ್ನು ನಾನು ಮರೆತಿಲ್ಲ.

ಗದಗಿನ ಹತ್ತಿ ವ್ಯಾಪಾರಿ ಅಂದಾನೆಪ್ಪ ಸಾಹುಕಾರರು ನನಗಾಗಿ ವರ್ಷಗಟ್ಟಲೆ ಕಾದಿದ್ದರು. ಆಗ ದುಡ್ಡಿದ್ದ ಮಾತ್ರಕ್ಕೆ ಕಾರು ಸಿಗುತ್ತಿರಲಿಲ್ಲ. ಹೆಸರು ಬರೆಸಿ ಪಾಳಿ ಕಾಯಬೇಕಿತ್ತು. ಅವರ ಶೆಡ್ಡಿನಲ್ಲಿ ಅವರ ತಂದೆಯ ಕಾಲದ ಇಂಗ್ಲಿಷ್ ಕಾರೊಂದಿತ್ತು. ಅದನ್ನು ಮಾರಿ, ಖಾದಿ ಟೋಪಿ ಹಾಕಿಕೊಂಡು ಹೋಗಿ ನನ್ನನ್ನು ಮನೆಗೆ ತಂದರು. ಓಣಿಯ ಮಂದಿ ನನ್ನ ಬಾಗಿಲನ್ನು ಮುಟ್ಟಿ ಮುಟ್ಟಿ ನೋಡಿದರು. ಮದುಮಗನನ್ನು ಕರೆತರಲು ದೊಡ್ಡ ದೊಡ್ಡ ಮನೆಯವರು ನನ್ನನ್ನು ಕೇಳಿಕೊಂಡು ಬರುತ್ತಿದ್ದರು.

ಮಹಾನವಮಿಯ ದಿನ, ಆಯುಧ-ವಾಹನಗಳಿಗೆ ಮಾಡುವ ಖಂಡೇಪೂಜೆಗೆ, ಹತ್ತಿಯಿಂದ ಬೀಜ ಬಿಡಿಸುವ ಸಾಹುಕಾರರ ಜಿನ್ನಿನ ಅಂಗಳದಲ್ಲಿ ಲಾರಿ, ಟ್ರ್ಯಾಕ್ಟರುಗಳೆಲ್ಲ ಸಾಲಾಗಿ ನಿಲ್ಲುತ್ತಿದ್ದವು. ಎಲ್ಲಕ್ಕಿಂತ ಮುಂದೆ ನಾನು. ಮೊದಲ ಬೂದುಗುಂಬಳ ಒಡೆಯುತ್ತಿದ್ದುದು ನನ್ನೆದುರಿಗೇ. ನನ್ನ ಗಾಲಿಗಳ ಕೆಳಗೆ ನಿಂಬೆಹಣ್ಣು ಇಡುತ್ತಿದ್ದರು. ಸಾಹುಕಾರರು ಮಗಳು ನೀಲವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ಹಣ್ಣು ಜಜ್ಜಿ ನನ್ನನ್ನು ಮುಂದಕ್ಕೆ ನಡೆಸುತ್ತಿದ್ದರು. ಅವಳು ದೊಡ್ಡವಳಾದ ಮೇಲೆ ಸ್ಟೇರಿಂಗನ್ನು ಅವಳ ಕೈಗೇ ಕೊಟ್ಟರು.

“ಇಷ್ಟ ಮಂದಿ ಗಂಡಸರ ಮುಂದ ಹೆಣ್ಣಮಗಳು ಕಾರ್ ಹೊಡಿಯೂದೇನ್ರೀ ಸಾಹುಕಾರ್ರ?” ಎಂದು ಯಾರೋ ಕೇಳಿದರು.

“ಕಾರೂ ನಂದು, ಮಗಳೂ ನನ್ನಾಕಿ. ನಿನಗ್ಯಾಕ ಹೊಟ್ಟಿಬ್ಯಾನಿ?” ಎಂದರು ಅವರು.

ನೀಲವ್ವ ಮದುವೆಯಾಗಿ ಹೋದಳು. ಸಾಹುಕಾರರಿಗೆ ವಯಸ್ಸಾಯಿತು. ವ್ಯವಹಾರ ಮಗ ಮುರಿಗೆಪ್ಪನ ಕೈಗೆ ಬಂತು. ಅವನು ಹಡಗಿನಲ್ಲಿ ಬಂದ ವಿದೇಶಿ ಕಾರೊಂದನ್ನು ತಂದ. ಆ ಕಾರಿನ ಮೇಲೆ ನನಗೇನೂ ಸಿಟ್ಟಿಲ್ಲ, ಅದೂ ನನ್ನಂತೆ ಕಬ್ಬಿಣವೇ. ಸಿಟ್ಟಿರುವುದು ಮನುಷ್ಯರ ಮೇಲೆ. ಆ ವರ್ಷದ ಪೂಜೆಯಲ್ಲಿ ಮೊದಲ ಕುಂಬಳಕಾಯಿ ಅದರ ಪಾಲಾಯಿತು. ನನ್ನನ್ನು ಗೊಬ್ಬರ ಹೇರುವ ಟ್ರ್ಯಾಕ್ಟರಿನ ಹಿಂದೆ ನಿಲ್ಲಿಸಿದರು. ಪೂಜೆಯ ಅಯ್ಯನವರು ನನ್ನ ಬಳಿ ಬರುವಾಗ ಕುಂಕುಮ ಮುಗಿದಿತ್ತು. ಬೆರಳಿಗೆ ಅಂಟಿದ್ದನ್ನೇ ನನ್ನ ಬಾನೆಟ್ಟಿಗೆ ಒರೆಸಿ ಹೋದರು. ಕುರ್ಚಿಯಲ್ಲಿ ಕೂತಿದ್ದ ಸಾಹುಕಾರರು ತಲೆ ತಗ್ಗಿಸಿದರು. ಹಬ್ಬಕ್ಕೆ ಬಂದಿದ್ದ ನೀಲವ್ವ ಬುಟ್ಟಿಯಲ್ಲಿ ನಿಂಬೆಹಣ್ಣು ಹುಡುಕಿದಳು. ಒಂದೂ ಉಳಿದಿರಲಿಲ್ಲ. ಅಂದು ನನ್ನನ್ನು ಯಾರೂ ಮುಂದಕ್ಕೆ ನಡೆಸಲಿಲ್ಲ.

ಸಾಹುಕಾರರು ತೀರಿಕೊಂಡ ಮೇಲೆ ಮುರಿಗೆಪ್ಪ ಗುಜರಿಯವನನ್ನು ಕರೆಸಿದ. ಅವನು ನನ್ನ ಸುತ್ತ ಒಂದು ಸುತ್ತು ಬಂದು ಬೇಡವೆಂದ. ಅದೇ ವಾರ ನೀಲವ್ವ ಆಸ್ತಿ ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಲು ಬಂದಳು. “ತಂಗಿ, ಅಪ್ಪನ ಕಾರ್ ನಿನಗ ಇರಲಿ. ತವರಮನಿ ನೆನಪು,” ಎಂದ ಮುರಿಗೆಪ್ಪ, ಕಣ್ಣು ಒದ್ದೆ ಮಾಡಿಕೊಂಡು! ಗುಜರಿಯವನಿಗೂ ಬೇಡವಾದ ನಾನು ಹೀಗೆ ತವರಿನ ಉಡುಗೊರೆಯಾದೆ. ನನಗೆ ನಾಲಿಗೆಯಿದ್ದಿದ್ದರೆ ಅಂದೇ ಅವನ ಮರ್ಯಾದೆ ತೆಗೆಯುತ್ತಿದ್ದೆ.

ಕೆಲವೇ ದಿನಗಳಲ್ಲಿ ನೀಲವ್ವನ ಗಂಡನೂ ತೀರಿಕೊಂಡ. ಅವಳು ಅಳುತ್ತ ಕೂರಲಿಲ್ಲ. ಓಣಿಯ ಹೆಣ್ಣುಮಕ್ಕಳನ್ನು ಸೇರಿಸಿಕೊಂಡು ಜೋಳದ ರೊಟ್ಟಿ ಬಡಿಯಲು ತೊಡಗಿದಳು. ನನ್ನ ಹಿಂದಿನ ಸೀಟು ತೆಗೆಸಿ ಅಲ್ಲಿ ರೊಟ್ಟಿಯ ಡಬ್ಬಿ, ಶೇಂಗಾ ಚಟ್ನಿಯ ಚೀಲ ಇಟ್ಟಳು. ದಿನ ಬೆಳಗಾದರೆ ನಾವಿಬ್ಬರೂ ಹುಬ್ಬಳ್ಳಿಯ ಖಾನಾವಳಿಗಳಿಗೆ ಹೊರಡುತ್ತಿದ್ದೆವು. ಅವಳ ಮಕ್ಕಳ ಶಾಲೆ, ಮನೆಯ ಖರ್ಚು ಎಲ್ಲವೂ ನನ್ನ ಗಾಲಿಯ ಮೇಲೆ ನಡೆದವು. ಒಮ್ಮೆ ಅಣ್ಣಿಗೇರಿಯ ಹತ್ತಿರ ನಾನು ಕೆಟ್ಟು ನಿಂತೆ. ಮುರಿಗೆಪ್ಪನ ಕಾರು ಬಂತು, ನಿಧಾನವಾಯಿತು. ಕಪ್ಪು ಗಾಜು ಮೇಲೇರಿತು. ಕಾರು ಮುಂದೆ ಹೋಯಿತು. ಬಿಸಿಲಲ್ಲಿ ನಿಂತಿದ್ದ ನೀಲವ್ವ ಅದರ ಧೂಳು ಕುಡಿದಳು.

ಈಗ ಕಾಲ ಮತ್ತೆ ಮಗ್ಗುಲು ಬದಲಿಸಿದೆ. ವಿದೇಶಿ ಕಾರು ಕಂತು ಕಟ್ಟುವವರ ಬಾಗಿಲಲ್ಲೆಲ್ಲ ನಿಂತಿದೆ. ಅದರಿಂದ ಈಗ ಯಾರಿಗೂ ದೊಡ್ಡಸ್ತಿಕೆ ಬರುವುದಿಲ್ಲ. ಹಳೆಯ ಮನೆತನದವರು ಎಂದು ತೋರಿಸಿಕೊಳ್ಳಲು ನಾನು ಬೇಕಾದೆ! ಮುರಿಗೆಪ್ಪನ ಮಗ ಶಶಾಂಕ ಹುಬ್ಬಳ್ಳಿ ರಸ್ತೆಯಲ್ಲಿ ದೊಡ್ಡ ಹೋಟೆಲು ಕಟ್ಟಿದ್ದಾನೆ. ಹೋದ ವರ್ಷ ನೀಲವ್ವನ ಮನೆಗೆ ಬಂದು ನನ್ನ ಬಾನೆಟ್ಟು ಸವರಿದ.

“ಅತ್ತೀ, ಅಜ್ಜನ ಕಾರ್ ಇದು, ನಮ್ಮ ಮನೆತನದ ಮರ್ಯಾದಿ. ಹೋಟೆಲಿನ್ಯಾಗ ಗಾಜಿನ ಮನಿ ಕಟ್ಟಸೇನಿ. ಇಂಜಿನ್ ತಗಸಿ, ಹೊಸಾ ಬಣ್ಣಾ ಹಚ್ಚಿಸಿ ಅಲ್ಲೇ ನಿಲ್ಲಸ್ತೀನಿ. ರೊಟ್ಟಿ ಒಯ್ಯಾಕ ನಿಮಗ ಟೆಂಪೋ ಕೊಡಸ್ತೀನ್ರೀ.”

“ಇಂಜಿನ್ ಯಾಕ ತಗಸ್ತೀಪಾ?”

“ಎಣ್ಣಿ ಸೋರತೈತಲ್ರೀ. ಕೆಳಗ ಇಟಲಿ ಕಲ್ಲು ಹಾಸೇನಿ.”

ಕರುಳು ಕಿತ್ತು ಗಾಜಿನೊಳಗೆ ಕೂರಿಸುವುದಕ್ಕೆ ಮರ್ಯಾದೆ ಎನ್ನುತ್ತಾರಂತೆ! ನೀಲವ್ವ ಕೇಳಿದಳು: “ಖಂಡೇಪೂಜಿಗೆ ಮದಲನೇ ಕುಂಬಳಕಾಯಿ ಇದಕ್ಕ ಒಡಸ್ತಿಯೇನು?”

“ಒಡಸ್ತೀನ್ರೀ. ಫಾರಿನ್ ಗಾಡಿ ಎಲ್ಲಾ ಇದರ ಹಿಂದ.”

“ಹಂಗಾರ ಅವತ್ತ ಕಾರ್ ತಗೊಂಡ ಬರ್ತೀನಿ.”

ನನಗೆ ಅವಳ ಮೇಲೂ ಕೆಂಡದಂಥ ಕೋಪ ಬಂತು. ಇಷ್ಟು ವರ್ಷ ಅವಳ ರೊಟ್ಟಿ ಹೊತ್ತವನು ನಾನು.

ಹಬ್ಬದ ದಿನ ಹೋಟೆಲಿನ ಅಂಗಳದಲ್ಲಿ ಮಿರಮಿರ ಮಿನುಗುವ ಕಾರುಗಳೆಲ್ಲ ನನ್ನ ಹಿಂದೆ ನಿಂತವು. ಮುದುಕನಾಗಿದ್ದ ಮುರಿಗೆಪ್ಪ ಕುರ್ಚಿಯಲ್ಲಿ ಕೂತಿದ್ದ. ಎಲ್ಲರೂ ಮೊಬೈಲು ಎತ್ತಿ ಹಿಡಿದರು. ನನಗೆ ಹಾರ ಹಾಕಿದರು, ಅಂಗೈ ತುಂಬ ಕುಂಕುಮ ಬಳಿದರು. ಮೊದಲ ಕುಂಬಳಕಾಯಿ ನನ್ನೆದುರಿಗೆ ಒಡೆಯಿತು. ಗಾಜಿನ ಮನೆಯ ಬಾಗಿಲು ತೆರೆದೇ ಇತ್ತು.

ನೀಲವ್ವ ಸೆರಗು ಸಿಕ್ಕಿಸಿಕೊಂಡು ಸ್ಟೇರಿಂಗ್ ಹಿಡಿದಳು. ನಿಂಬೆಹಣ್ಣು ನನ್ನ ಗಾಲಿಯಡಿ ಪಚಕ್ಕೆಂದವು. ಮುರಿಗೆಪ್ಪನ ಕುರ್ಚಿಯ ಪಕ್ಕ ಬಂದಾಗ ಅವಳು ತಲೆ ಹೊರಗೆ ಹಾಕಿದಳು.

“ಅಣ್ಣಾ, ಇದನ್ನ ಅಪ್ಪ ಹಿಂಗ ಕುರ್ಚ್ಯಾಗ ಕುಂತಿದ್ದಾಗ ಮಾಡಬೇಕಿತ್ತು.”

“ಸಾಕ್ರೀ ಅತ್ತೀ, ನಿಲ್ಲಸ್ರೀ!” ಎಂದು ಶಶಾಂಕ ಕೂಗಿದ. ಅವಳು ನಿಲ್ಲಿಸಲಿಲ್ಲ. ನಾನೂ ನಿಲ್ಲಲಿಲ್ಲ. ಗಾಜಿನ ಮನೆ ಎಡಕ್ಕೆ ಉಳಿಯಿತು. ಹಾರ ಹಾಕಿಕೊಂಡೇ ಗೇಟು ದಾಟಿ ಹುಬ್ಬಳ್ಳಿ ರಸ್ತೆ ಹಿಡಿದೆವು. ನನ್ನ ಬೆನ್ನಿನಲ್ಲಿ ಅಂದಿನ ರೊಟ್ಟಿಯ ಡಬ್ಬಿಗಳಿದ್ದವು. ಖಾನಾವಳಿಯವರು ಕಾಯುತ್ತಿದ್ದರು.

ಈಗ ನಾನು ನೀಲವ್ವನ ಮನೆ ಮುಂದಿನ ಬೇವಿನ ಗಿಡದ ಕೆಳಗಿದ್ದೇನೆ. ಚಳಿಯಿದ್ದ ದಿನ ಬೇಗ ಸ್ಟಾರ್ಟ್ ಆಗುವುದಿಲ್ಲ. ನನ್ನ ಬೆಲೆ ಏರಿಸಿದವರೂ ಇಳಿಸಿದವರೂ ನನ್ನೊಳಗೆ ಕೂತು ಒಂದು ದಿನವೂ ದುಡಿದವರಲ್ಲ. ಅವರ ಮೇಲಿನ ಸಿಟ್ಟು ನನಗಿನ್ನೂ ಆರಿಲ್ಲ. ನನ್ನ ಇಂಜಿನ್ನಿನಿಂದ ಎಣ್ಣೆ ಸೋರುತ್ತದೆ. ಸೋರಲಿ. ಕೆಳಗಿರುವುದು ನೀಲವ್ವನ ಅಂಗಳದ ಮಣ್ಣು.