ಊದುಮೂತಿಯ ಲಿನೆಟ್

ಲಿನೆಟ್ ಕಾರಿನ ಕ್ಲಬ್ಬಿನಲ್ಲಿ ಮೂವತ್ತು ವರ್ಷದಿಂದ ಒಂದೇ ತಮಾಷೆ ನಡೆದುಬಂದಿತ್ತು. ತೆಳ್ಳನೆಯ ಕ್ರೋಮ್ ಬಂಪರಿನ ಹಳೆಯ ಲಿನೆಟ್ಟುಗಳಿಗೆ ಮರ್ಯಾದೆ. ಎಪ್ಪತ್ತನಾಲ್ಕನೇ ಇಸವಿಯ ನಂತರ ಬಂದ, ಮುಖಕ್ಕೆ ದಪ್ಪ ಕಪ್ಪು ರಬ್ಬರ್ ಮೆತ್ತಿಸಿಕೊಂಡವಕ್ಕೆ 'ಊದುಮೂತಿ' ಎಂಬ ಅಡ್ಡಹೆಸರು. ಯಾರಾದರೂ ಆ ಮಾತೆತ್ತಿದರೆ ಎಲ್ಲರೂ ನಗುತ್ತಿದ್ದರು. ಡೆಸ್ಮಂಡ್ ಹಾಲಮ್ ಕೂಡ ನಗುತ್ತಿದ್ದ. ಆ ರಬ್ಬರಿನೊಳಗಿನ ಉಕ್ಕಿನ ಚೌಕಟ್ಟನ್ನು ಕಾರ್ಖಾನೆಯಲ್ಲಿ ಮೊಟ್ಟಮೊದಲು ಬೆಸೆದವನು ತಾನೇ ಎಂಬುದನ್ನು ಮಾತ್ರ ಬಾಯಿಬಿಟ್ಟಿರಲಿಲ್ಲ. ಬೇಕಾದರೆ ಹೇಡಿತನ ಎನ್ನಿ. ಅವನೂ ಹಾಗೇ ಅಂದುಕೊಳ್ಳುತ್ತಿದ್ದ.

ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ನಿವೃತ್ತನಾದ ಮೇಲೆ ಊದುಮೂತಿಗಳ ರಬ್ಬರ್ ಕಿತ್ತು, ಚೌಕಟ್ಟು ಕೊಯ್ದು, ಕ್ರೋಮ್ ಕೂರಿಸಿ, ಕಾರನ್ನು ಒಂದೂವರೆ ಇಂಚು ತಗ್ಗಿಸಿ ಹಳೆಯದರಂತೆ ಮಾಡಿಕೊಡುವುದರಲ್ಲಿ ಇಡೀ ಜಿಲ್ಲೆಯಲ್ಲೇ ಅವನದು ಎತ್ತಿದ ಕೈ. ಹೀಗೆ ತನ್ನ ಕೆಲಸವನ್ನು ತಾನೇ ಏಳು ಸಲ ಕೊಯ್ದು, ಏಳು ಸಲವೂ ಶಭಾಷ್‌ಗಿರಿ ಪಡೆದಿದ್ದ.

ಎಂಟನೆಯದನ್ನು ತಂದವಳು ಗ್ವೆಂಡಾ ಪ್ರಾಸರ್. ಏಪ್ರಿಲ್ಲಿನ ಒಂದು ಬೆಳಿಗ್ಗೆ, ತೀರಿಹೋದ ಅಪ್ಪನ ಎಪ್ಪತ್ತೆಂಟರ ಹಸಿರು ಲಿನೆಟ್ಟನ್ನು ಅವನ ಶೆಡ್ಡಿನ ಮುಂದೆ ನಿಲ್ಲಿಸಿದಳು.

"ಕ್ಲಬ್ಬಿನ ಜೂನ್ ಮೇಳದ ಹೊತ್ತಿಗೆ ಇದರ ಮೂತಿ ಸರಿ ಮಾಡ್ಕೊಡಿ ಹಾಲಮ್ ಅವರೇ. ಹೋದ್ ವರ್ಷ ನಮ್ಮನ್ನ ಬೇಲಿ ಪಕ್ಕ, ಪಾಯಿಖಾನೆ ಹತ್ರ ನಿಲ್ಲಿಸಿದ್ರು."

"ಊದುಮೂತಿಗಳ ಜಾಗ ಅದೇ ಕಣಮ್ಮಾ. ಇಸವಿ ಪ್ರಕಾರ ಸಾಲು."

"ಇಸವಿ ಪ್ರಕಾರ ಆದ್ರೆ ಆಗ್ಲಿ, ಆಡ್ಕೊಳ್ಳೋದ್ಯಾಕೆ? ನಿಮ್ ಕಾರು ಲಾರಿ ಟೈರ್ ಯಾಕೆ ಕಚ್ಕೊಂಡಿದೆ ಅಂತ ಕೇಳಿದ್ರು ಒಬ್ರು. ಅಮ್ಮ ಕಾರಿಂದ ಕೆಳಗೇ ಇಳೀಲಿಲ್ಲ. ಫ್ಲಾಸ್ಕ್ ಮಡಿಲಲ್ಲಿಟ್ಕೊಂಡು ಕೂತೇ ಇದ್ಲು."

ಡೆಸ್ಮಂಡ್ ಕೈಯಲ್ಲಿದ್ದ ಟೀ ಲೋಟವನ್ನು ಕೆಳಗಿಟ್ಟ. ಲಾರಿ ಟೈರಿನ ಮಾತಿಗೆ ತಾನೂ ನಕ್ಕಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಆದರೂ ಕೆಲಸ ಒಪ್ಪಿಕೊಂಡ.

ಮಾರನೆಯ ದಿನ ರಬ್ಬರ್ ಬಿಚ್ಚಿ ಕೆಳಗಿಟ್ಟ. ಒಳಗೆ ಅವನದೇ ಚೌಕಟ್ಟು, ನಾಲ್ಕು ದಶಕ ಕಳೆದರೂ ತುಕ್ಕು ಹಿಡಿಯದೆ ಗಟ್ಟಿಮುಟ್ಟಾಗಿ ಕೂತಿತ್ತು. ಕಟ್ಟರ್ ಕೈಗೆತ್ತಿಕೊಂಡವನು ಯಾಕೋ ಸ್ಟೂಲಿನ ಮೇಲೆ ಕುಳಿತುಬಿಟ್ಟ.

ಅರವತ್ತೊಂದರಲ್ಲಿ ಮೊದಲ ಲಿನೆಟ್ ಹೊರಬಂದಾಗ ಅದಕ್ಕೆ ಬಾಗಿಲ ಹಿಡಿಯೂ ಇರಲಿಲ್ಲ, ಕಿಟಕಿಗೆ ಗಾಜೂ ಇರಲಿಲ್ಲ. ಬಾಗಿಲು ತೆರೆಯಲು ಕೈ ಒಳಗೆ ಹಾಕಿ ಹಗ್ಗ ಎಳೆಯಬೇಕಿತ್ತು. ಎರಡನೆಯ ಮಾದರಿಗೆ ಗಾಜು ಬಂತು, ಮೂರನೆಯದಕ್ಕೆ ದೊಡ್ಡ ಎಂಜಿನ್ನೂ ಒಳ್ಳೆಯ ಸೀಟೂ ಬಂದವು. ಅಲ್ಲಿಯವರೆಗೆ ಎಲ್ಲ ಸುಸೂತ್ರ. ಆಮೇಲೆ ಅಮೆರಿಕದ ಕಾನೂನು ಬಂತು: ಗಂಟೆಗೆ ಐದು ಮೈಲಿ ವೇಗದಲ್ಲಿ ಗುದ್ದಿದರೂ ದೀಪ ಒಡೆಯಬಾರದು, ದೀಪ ನೆಲದಿಂದ ಇಷ್ಟು ಎತ್ತರದಲ್ಲೇ ಇರಬೇಕು. ಹತ್ತು ಲಿನೆಟ್ ಮಾಡಿದರೆ ಎಂಟು ಅಲ್ಲಿಗೇ ಹಡಗು ಹತ್ತುತ್ತಿದ್ದವು. ಬಂಪರ್ ಆಗದಿದ್ದರೆ ಬೇಸಿಗೆಯಲ್ಲಿ ಕಾರ್ಖಾನೆಯ ಗೇಟಿಗೆ ಬೀಗ ಎಂದರು ಮೇಲಿನವರು. ಸಿಕ್ಕಿದ್ದು ಹನ್ನೊಂದು ವಾರ. ಅವನೂ ಸೇರಿ ನಾಲ್ಕು ಜನ ಕೂತು ಬೆಸೆದರು, ಗುದ್ದಿಸಿದರು, ಮತ್ತೆ ಬೆಸೆದರು. ಚೆಂದ ಮಾಡಲು ಪುರುಸೊತ್ತಿರಲಿಲ್ಲ. ಕಡೆಯ ದಿನ ಅದರ ಮುಖ ನೋಡಿ ಡೆಸ್ಮಂಡನಿಗೆ ಅಳು ಬಂದಿತ್ತು. ಗೇಟು ಮಾತ್ರ ಇನ್ನೂ ಆರು ವರ್ಷ ತೆರೆದೇ ಇತ್ತು.

ಕೆಲಸ ಎಲ್ಲಿಗೆ ಬಂತೆಂದು ನೋಡಲು ಸಂಜೆ ಗ್ವೆಂಡಾ ಬಂದಳು. ಚೌಕಟ್ಟು ಇನ್ನೂ ಇದ್ದಲ್ಲೇ ಇತ್ತು.

"ನಿಮ್ಮಮ್ಮ ಯಾವಾಗ್ಲಾದ್ರೂ ಕಾರ್ಖಾನೇಲಿ ಇದ್ರಾ?" ಎಂದು ಕೇಳಿದ.

"ಸೀಟ್ ಹೊಲೀತಿದ್ಲು. ಎಪ್ಪತ್ತಾರರಲ್ಲಿ ಸೇರಿದ್ದು, ಹತ್ತೊಂಬತ್ತು ವರ್ಷ ಆಗ. ಅಪ್ಪ ಪೇಂಟ್ ಶಾಪಲ್ಲಿ. ಅಲ್ಲೇ ಕ್ಯಾಂಟೀನಲ್ಲಿ ಪರಿಚಯ ಆಗಿದ್ದು, ಎಪ್ಪತ್ತೊಂಬತ್ತರಲ್ಲಿ ನಾನು ಹುಟ್ಟಿದ್ದು. ಯಾಕೆ?"

ಡೆಸ್ಮಂಡ್ ಕಟ್ಟರನ್ನು ಮೊಳೆಗೆ ನೇತುಹಾಕಿದ. "ಇದನ್ನ ನಾನು ಕೊಯ್ಯಲ್ಲ ತಾಯಿ" ಎಂದವನು ಎಲ್ಲವನ್ನೂ ಹೇಳಿದ. ಹನ್ನೊಂದು ವಾರ, ಬೀಗ, ಮೂವತ್ತು ವರ್ಷದ ನಗು, ಏಳು ಕಾರು. ಏನನ್ನೂ ಬಚ್ಚಿಡಲಿಲ್ಲ.

ಗ್ವೆಂಡಾ ಚೌಕಟ್ಟಿನ ಮೇಲೆ ಕೈ ಆಡಿಸಿದಳು. "ಹಂಗಾದ್ರೆ ಈ ಅವತಾರಕ್ಕೆಲ್ಲ ನೀವೇ ಕಾರಣ" ಎಂದಳು.

"ನಾನೇ."

"ನನ್ ಅವತಾರಕ್ಕೂ" ಎಂದು ನಕ್ಕಳು. "ಅಮ್ಮನ ಹತ್ರ ಈಗ್ಲೇ ಬಾಯಿ ಬಿಡಲ್ಲ. ನೀವೇ ಹೇಳ್ಬೇಕು."

ಜೂನ್ ಮೇಳದ ದಿನ ಡೆಸ್ಮಂಡ್ ತನ್ನ ಅರವತ್ತೊಂದರ ಕೆಂಪು ಲಿನೆಟ್ಟನ್ನು ಮೊದಲ ಸಾಲಿಗೆ ಒಯ್ಯದೆ, ಮೈದಾನ ದಾಟಿ ಬೇಲಿ ಪಕ್ಕಕ್ಕೆ, ಮತ್ತೆ ರಬ್ಬರ್ ತೊಟ್ಟು ನಿಂತಿದ್ದ ಗ್ವೆಂಡಾಳ ಹಸಿರು ಕಾರಿನ ಬಳಿಗೆ ತಂದು ನಿಲ್ಲಿಸಿದ. ಕ್ಲಬ್ಬಿನ ಅಧ್ಯಕ್ಷ ಲೆಗೆಟ್ ಪಟ್ಟಿ ಹಿಡಿದು ಓಡೋಡಿ ಬಂದ.

"ಏನಯ್ಯಾ ಡೆಸ್ಮಂಡ್, ದಾರಿ ತಪ್ತಾ? ಇದು ಊದುಮೂತಿಗಳ ಕೇರಿ."

"ಈ ಊದುಮೂತಿ ಬೆಸೆದೋನು ನಾನೇ ಕಣಯ್ಯಾ. ಇದಿಲ್ದಿದ್ರೆ ಎಪ್ಪತ್ತನಾಲ್ಕರಲ್ಲೇ ಗೇಟಿಗೆ ಬೀಗ ಬೀಳ್ತಿತ್ತು. ಪಟ್ಟೀಲಿ ಅದನ್ನೂ ಬರ್ಕೋ." ದನಿ ಅವನಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. ಸುತ್ತಲಿನವರು ತಿರುಗಿ ನೋಡಿದರು. ಯಾರೂ ನಗಲಿಲ್ಲ. ಲೆಗೆಟ್ ಪಟ್ಟಿ ಮಡಚಿಕೊಂಡು ಅಲ್ಲೇ ನಿಂತ.

ಹಸಿರು ಕಾರಿನ ಬಾಗಿಲು ತೆರೆಯಿತು. ಗ್ವೆಂಡಾಳ ತಾಯಿ ಮ್ಯೂರಿಯಲ್ ಫ್ಲಾಸ್ಕ್ ಹಿಡಿದು ಕೆಳಗಿಳಿದಳು. ಡೆಸ್ಮಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀವಾ? ನಾನು ಇಷ್ಟು ವರ್ಷ ಯಾರೋ ಅಮೆರಿಕದವನು ಅಂದ್ಕೊಂಡಿದ್ದೆ."

"ಕ್ಷಮಿಸಿ ಮೇಡಂ. ಇದಕ್ಕಿಂತ ಚೆಂದ ಮಾಡಕ್ಕಾಗ್ಲಿಲ್ಲ."

"ಚೆಂದ ಯಾರಿಗೆ ಬೇಕಿತ್ತು? ನಮ್ಮನೇಲಿ ಐದು ಜನ ತಮ್ಮಂದಿರು. ಬೆಳಿಗ್ಗೆ ಸೈಕಲಲ್ಲಿ ಬಂದು ಗೇಟ್ ತೆರೆದಿದೆಯಾ ಅಂತ ಮೊದ್ಲು ನೋಡ್ತಿದ್ದೆ. ತೆರೆದಿದ್ರೆ, ಇದನ್ನ ಉಳಿಸ್ದೋನು ಯಾರೇ ಆಗ್ಲಿ, ಅವನ ಹೊಟ್ಟೆ ತಣ್ಣಗಿರ್ಲಿ ಅಂತಿದ್ದೆ."

ಅವಳು ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸಿ ಅವನ ಕೈಗಿಟ್ಟಳು. "ಕಾರಲ್ಲಿ ಕೂತ್ಕೊಂಡು ಕುಡೀರಿ. ನಾನು ಹೊಲ್ದಿರೋ ಸೀಟು, ಇನ್ನೂ ಒಂದು ಹೊಲಿಗೆ ಬಿಟ್ಟಿಲ್ಲ."

ಡೆಸ್ಮಂಡ್ ಕುಳಿತ. ಟೀ ವಿಪರೀತ ಸಿಹಿಯಾಗಿತ್ತು. ವೈದ್ಯರು ಸಕ್ಕರೆ ಮುಟ್ಟಬೇಡಿ ಎಂದು ಆರು ವರ್ಷವಾಗಿತ್ತು. ಒಂದು ಹನಿಯೂ ಬಿಡದೆ ಕುಡಿದು, ಮುಚ್ಚಳವನ್ನು ಮತ್ತೆ ಅವಳತ್ತ ಚಾಚಿದ.