ತೆರೆಯಬಾರದ ಕ್ಯಾಮೆರಾ

ಗಡಹಿಂಗ್ಲಜದ ಫೋಟೋಗ್ರಾಫರ್ ಸಿದ್ರಾಮನ ಕ್ಯಾಮೆರಾ ಕೈಕೊಟ್ಟದ್ದು ಹೋಗಿ ಹೋಗಿ ಗೌರವ್ವನ ಹೆಣದ ಮುಂದೆ. ಅರವತ್ನಾಲ್ಕನೆಯ ಇಸವಿಯ ಬೇಸಿಗೆ. ಮುದುಕಿಯನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿ, ಹಣೆತುಂಬ ವಿಭೂತಿ ಹಚ್ಚಿ ಮಾಲೆ ಹಾಕಿದ್ದರು. ಮಣ್ಣಿಗೆ ಒಯ್ಯುವ ಮೊದಲು ಹೀಗೆ ಕೂರಿಸಿದವರ ಅಕ್ಕಪಕ್ಕ ಮನೆಮಂದಿಯೆಲ್ಲ ನಿಂತು ಫೋಟೋ ತೆಗೆಸಿಕೊಳ್ಳುವುದು ಆ ಮನೆತನದ ಪದ್ಧತಿ. ಎಲ್ಲರೂ ನಿಂತಾಗಿತ್ತು. ರೋಲು ಮುಂದಕ್ಕೆ ಸರಿಸುವ ಲಿವರ್ ಮಾತ್ರ ಅರ್ಧಕ್ಕೆ ಬಂದು ಮೊಂಡು ಬಿದ್ದಿತ್ತು.

ತಪ್ಪು ಸಿದ್ರಾಮನದೇ. ಫೋಟೋದ ಹುಚ್ಚು ಹಿಡಿಯುವ ಮುಂಚೆ ಅವನು ಇಚಲಕರಂಜಿಯಲ್ಲಿ ಹತ್ತು ವರ್ಷ ಪವರ್‌ಲೂಮ್ ನಡೆಸಿದವ. ಬಿಗಿಯಾದದ್ದು ಏನೇ ಕಂಡರೂ ಮಗ್ಗದ ಎಣ್ಣೆ ಬಿಡುವ ಚಟ ಕೈಗೆ ಅಂಟಿತ್ತು. ಈ ನಾಜೂಕು ಲಿವರಿಗೂ ಬಿಟ್ಟಿದ್ದ. ಎಣ್ಣೆ ಧೂಳು ಕುಡಿದು ಒಳಗೆಲ್ಲ ಅಂಟಾಗಿತ್ತು. ಕಳೆದ ವರ್ಷ ಇದೇ ಮನೆಯ ಮದುವೆಯಲ್ಲೂ ಹೀಗೇ ಆಗಿ, ಹಿಂದಿನ ಮುಚ್ಚಳ ತೆರೆದು ರೋಲು ಕಿತ್ತೆಸೆದ ಮೇಲೆ ಸಡಿಲಾಗಿತ್ತು. ಗೌರವ್ವನ ಮಗ ಬಸವಣ್ಣೆಪ್ಪ ಅದನ್ನು ಮರೆತಿರಲಿಲ್ಲ.

“ಹಿಂದ ತಗೀರಿ. ಹೊತ್ತು ಮುಳುಗೂದ್ರಾಗ ಮಣ್ಣಾಗ್ಬೇಕು ಅಂತ ಅಯ್ಯನೋರು ಅನ್ನಾಕತ್ತಾರ,” ಅಂದ.

ತೆರೆದರೆ ಬೆಳಕು ಬಿದ್ದು ರೋಲು ಹಾಳು. ಆ ರೋಲಿನಲ್ಲಿ ಐದು ದಿನದ ಹಿಂದಿನ ಗೌರವ್ವ ಇದ್ದಳು, ನಗುತ್ತ, ಮಗಳು ಕಲ್ಲವ್ವನ ಹೆಗಲ ಮೇಲೆ ಕೈಹಾಕಿಕೊಂಡು. ಕೊರೋಚಿಯ ನೇಕಾರನನ್ನು ತಾನೇ ಮೆಚ್ಚಿ ಮದುವೆಯಾಗಿ ಆ ಊರು ಸೇರಿದಳೆಂದು ಬಸವಣ್ಣೆಪ್ಪ ಈ ತಂಗಿಯನ್ನು ಆರು ವರ್ಷದಿಂದ ಹೊಸ್ತಿಲು ತುಳಿಯಗೊಟ್ಟಿರಲಿಲ್ಲ. ಮುದುಕಿ ಸಂತೆಗೆಂದು ಸುಳ್ಳು ಹೇಳಿ ಫೋಟೋ ಅಂಗಡಿಗೆ ಬಂದು, ಮಗಳ ಜೊತೆ ಫೋಟೋ ತೆಗೆಸಿಕೊಂಡು, ಯಾರ ಮುಂದೂ ಬಾಯಿಬಿಡಬಾರದೆಂದು ಸಿದ್ರಾಮನಿಂದ ಆಣೆ ಮಾಡಿಸಿದ್ದಳು. ತಾಯಿ ಮಗಳ ಫೋಟೋ ಅಂತ ಇರುವುದು ಅದೊಂದೇ. ಈಗ ಕಲ್ಲವ್ವ ಅಂಗಳದಲ್ಲಿ ನಿಂತು ಅವನ ಕೈಯನ್ನೇ ನೋಡುತ್ತಿದ್ದಳು. ಅವಳನ್ನು ಯಾರೂ ಒಳಗೆ ಕರೆದಿರಲಿಲ್ಲ.

ಸಿದ್ರಾಮ ಸೂಜಿ, ದಾರ, ಬಟ್ಟಲಲ್ಲಿಷ್ಟು ಸೀಮೆಎಣ್ಣೆ ಕೇಳಿದ. ಮೇಲಿನ ತಿರುಪು ಬಿಚ್ಚಿ ಲಿವರ್ ಎತ್ತಿದ. ಕೆಳಗೆ ಕರಿ ಜಿಡ್ಡು. ಸೂಜಿಗೆ ದಾರ ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ ಹಿಂಡಿ, ಸಂದುಗೊಂದು ಒರೆಸಿದ. ಒಂದು ಹನಿ ಹೆಚ್ಚಿಗೆ ಇಳಿದರೂ ಕೆಲಸ ಕೆಟ್ಟಂತೆ. ಲಿವರ್ ಕೂರಿಸಿ ಮೆಲ್ಲಗೆ ಒತ್ತಿದ; ಕೂದಲೆಳೆಯಷ್ಟು ಸರಿದು ಮತ್ತೆ ಹಿಡಿಯಿತು. ಜೋರು ಮಾಡಿದರೆ ರೋಲು ಹರಿಯುತ್ತದೆ.

ಬಸವಣ್ಣೆಪ್ಪನ ತಾಳ್ಮೆ ಮುಗಿಯಿತು. ಕ್ಯಾಮೆರಾ ಕಸಿದುಕೊಂಡು ಹಿಂದಿನ ಮುಚ್ಚಳಕ್ಕೆ ಹೆಬ್ಬೆರಳು ಹಾಕಿದ.

“ಅಣ್ಣಾರ, ತಗೀಬ್ಯಾಡ್ರಿ,” ಅಂದ ಸಿದ್ರಾಮ. “ಅದರಾಗ ನಿಮ್ಮವ್ವ ಅದಾರ. ನಗಾಕತ್ತಾರ.”

ಆಣೆ ಮುರಿದಿತ್ತು. ಗೋಡೆಗೆ ಕೂತವಳ ಕಡೆ ನೋಡಲು ಸಿದ್ರಾಮನಿಗೆ ಧೈರ್ಯ ಬರಲಿಲ್ಲ.

ಬಸವಣ್ಣೆಪ್ಪನ ಬೆರಳು ಅಲ್ಲೇ ನಿಂತಿತು. ಯಾವಾಗ ತೆಗೆದದ್ದು, ಜೊತೆಗೆ ಯಾರಿದ್ದರು, ಒಂದನ್ನೂ ಕೇಳಲಿಲ್ಲ. ಅಂಗಳದ ಕಡೆ ಒಮ್ಮೆ ನೋಡಿದ. ಕಲ್ಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಕ್ಯಾಮೆರಾ ಮರಳಿ ಕೊಟ್ಟು, ಇನ್ನೊಂದು ಚೂರು ತಡೆಯಿರೆಂದು, ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರಿಗೆ ಹೇಳಿದ.

ಮತ್ತೆ ಬಿಚ್ಚಿ, ಮತ್ತೆ ಒರೆಸಿ, ಮೂರನೆಯ ಸಲಕ್ಕೆ ಲಿವರ್ ಕಡೆತನಕ ಬಂತು. ಸಿದ್ರಾಮನಿಗೆ ಅಳು ಬಂದಂತಾಯಿತು. ಮನೆಮಂದಿಯನ್ನು ನಿಲ್ಲಿಸಿ ಫೋಟೋ ಹೊಡೆದ. ಆಗಲೂ ಕಲ್ಲವ್ವನನ್ನು ಯಾರೂ ಕರೆಯಲಿಲ್ಲ, ಅವಳೂ ಬರಲಿಲ್ಲ.

ಹೆಣ ಎತ್ತುವ ಗಡಿಬಿಡಿಯಲ್ಲಿ ಬಸವಣ್ಣೆಪ್ಪ ಸಿದ್ರಾಮನ ಹತ್ತಿರ ಬಂದ. ಮುಖ ಬೇರೆ ಕಡೆ ಇತ್ತು.

“ನಗೂ ಫೋಟೋ ಎರಡು ಕಾಪಿ ತಗೀರಿ,” ಅಂದ. “ಮೊದಲ ಕೊರೋಚಿಗಿ ಕೊಡ್ರಿ.”

ಅಷ್ಟು ಹೇಳಿ ತಾಯಿಗೆ ಹೆಗಲು ಕೊಡಲು ಹೋದ.