ಪಿಕ್ಚರ್ ಟ್ಯೂಬಿನ ಕತ್ತು

ಅಪ್ಪ ನಡೆಸುತ್ತಿದ್ದ ವಿಡಿಯೊ ಗೇಮ್ ಅಂಗಡಿಯನ್ನು ಅವರ ನಂತರ ಕೈಗೆತ್ತಿಕೊಂಡವಳು ಅಕ್ಕ. ಆಳೆತ್ತರದ ಆ ಹಳೇ ಯಂತ್ರಗಳ ಒಳಹೊರಗೆಲ್ಲ ಅವಳಿಗೆ ಗೊತ್ತು. ಮೊಬೈಲ್ ಬಂದ ಮೇಲೆ ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂರುವ ಹಾಗಾಯಿತು. ಕೊನೆಗೆ ಯಂತ್ರಗಳನ್ನು ಕೊಳ್ಳಲು ತಮ್ಮನೇ ಒಬ್ಬ ಗಿರಾಕಿಯನ್ನು ಹುಡುಕಿದ. ಹೊಸದಾಗಿ ಹೋಟೆಲು ತೆರೆಯುತ್ತಿದ್ದವರು.

"ಇಟ್ಕೊಂಡು ಆಡಿಸ್ತಾರಂತಾ?" ಅಕ್ಕ ಕೇಳಿದಳು.

"ಹೂಂ ಅಕ್ಕ. ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತಾರೆ."

ಅಷ್ಟು ಕೇಳಿದ್ದೇ ಅವಳು ಟೊಂಕ ಕಟ್ಟಿ ನಿಂತಳು. ಯಂತ್ರಗಳ ಒಳಗಿದ್ದದ್ದು ಹಳೇ ಟಿವಿಯಲ್ಲಿರುವಂಥ ಪಿಕ್ಚರ್ ಟ್ಯೂಬು; ಅದರ ಹಿಂದಿನ ಕತ್ತು ತೆಳು ಗಾಜು. ಅಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಮತ್ತೆ ಚಿತ್ರ ಬರುವುದಿಲ್ಲ. ಸ್ಕ್ರೂಗಳನ್ನೆಲ್ಲ ಬಿಗಿದು, ಕತ್ತಿನ ಸುತ್ತ ಸ್ಪಂಜು ಇಟ್ಟು, ಮುಂದಿನ ಗಾಜಿಗೆ ತಾನು ಹೊದೆಯುವ ಕಂಬಳಿಯನ್ನೇ ಕಟ್ಟಿದಳು. ವ್ಯಾನಿನವನು ಯಂತ್ರಗಳನ್ನು ಮಲಗಿಸಲು ಹೋದಾಗ ಜಗಳವಾಡಿ ನಿಲ್ಲಿಸಿಯೇ ಕಟ್ಟಿಸಿದಳು. ಅದೇ ವ್ಯಾನಿಗೆ ತಮ್ಮ ಏರಿಸಿದ್ದ ದೊಡ್ಡ ಸ್ಪೀಕರನ್ನು ಕೆಳಗಿಳಿಸಿದಳು.

"ಅದರೊಳಗೆ ಅಯಸ್ಕಾಂತ ಇರತ್ತೆ ಕಣೋ! ಪಕ್ಕದಲ್ಲಿಟ್ರೆ ಪರದೆ ಮೇಲೆ ಬಣ್ಣ ಎಲ್ಲ ಕಲಸಿಹೋಗತ್ತೆ."

ದಾರಿಯುದ್ದಕ್ಕೂ ಹಿಂದೆ ಯಂತ್ರಗಳ ಜೊತೆಗೇ ಕೂತು, ಗುಂಡಿ ಬಂದಾಗಲೆಲ್ಲ "ನಿಧಾನ, ನಿಧಾನ" ಎಂದು ಕೂಗಿದಳು. ತಮ್ಮ ಮುಂದೆ ಡ್ರೈವರನ ಪಕ್ಕ ಕೂತಿದ್ದ.

ಹೋಟೆಲಿನಲ್ಲಿ ಒಂದೊಂದನ್ನೇ ಆನ್ ಮಾಡಿದಳು. ಚಿತ್ರ ಕದಲಲಿಲ್ಲ, ಬಣ್ಣ ಒಂದಿಷ್ಟೂ ಕೆಟ್ಟಿರಲಿಲ್ಲ. ಅವಳ ಮುಖ ಅರಳಿತು.

"ಚೆನ್ನಾಗಿದೆ," ಎಂದರು ಮಾಲೀಕರು. ಆಮೇಲೆ ಅಲ್ಲಿ ಕೆಲಸ ಮಾಡುತ್ತಿದ್ದ ಬಡಗಿಯ ಕಡೆ ತಿರುಗಿ, "ಒಳಗಿರೋದೆಲ್ಲ ಕಿತ್ತು ಗುಜರಿಗೆ ಹಾಕಪ್ಪ. ನಮಗೆ ಪೆಟ್ಟಿಗೆ ಸಾಕು, ಹೊಸ ಟಿವಿ ಕೂರಿಸೋಣ," ಎಂದರು.

ಅಕ್ಕ ತಮ್ಮನ ಮುಖ ನೋಡಿದಳು. ಅವನು ನೆಲ ನೋಡಿದ.

"ನಿಂಗೆ ಗೊತ್ತಿತ್ತಾ?"

"ಹೇಳಿದ್ರೆ ನೀನು ಕೊಡ್ತಿದ್ಯಾ?"

"ಮತ್ತೆ ಇಷ್ಟೆಲ್ಲ ಒದ್ದಾಡೋಕೆ ಯಾಕೋ ಬಿಟ್ಟೆ ನನ್ನ?"

"ನಿನ್ನ ಸಮಾಧಾನಕ್ಕೆ ಅಂತ..."

ಬಡಗಿ ಅಷ್ಟರಲ್ಲಿ ಒಳಗೆ ಕೈ ಹಾಕುತ್ತಿದ್ದ.

"ಮುಟ್ಬೇಡಪ್ಪಾ!" ಅಕ್ಕ ಕಿರುಚಿದಳು. "ಆಫ್ ಮಾಡಿದ್ಮೇಲೂ ಅದರಲ್ಲಿ ಕರೆಂಟ್ ಉಳಿದಿರತ್ತೆ. ಹೊಡೆದ್ರೆ ಆ ಗೋಡೆಗೆ ಹೋಗಿ ಬೀಳ್ತೀಯ."

ಆ ಕೆಲಸ ಬಲ್ಲವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ಅವಳೇ ಕರೆಂಟ್ ಇಳಿಸಿದಳು. ತಾನು ಬಿಗಿದಿದ್ದ ಸ್ಕ್ರೂಗಳನ್ನು ತಾನೇ ಬಿಚ್ಚಿ, ಟ್ಯೂಬುಗಳನ್ನು ಎತ್ತಿ ತಂದು ಬಾಗಿಲ ಹೊರಗೆ ಸಾಲಾಗಿ ಇಟ್ಟಳು. ತಮ್ಮ ಕೈಜೋಡಿಸಲು ಬಂದ.

"ದೂರ ನಿಲ್ಲು," ಎಂದಳು.

ಈಗಲೂ ಇಬ್ಬರೂ ಇರುವುದು ಒಂದೇ ಮನೆಯಲ್ಲಿ. ತಮ್ಮನಿಗೆ ಏನಾದರೂ ಹೇಳಬೇಕಾದರೆ ಅಕ್ಕ ಅವನ ಹೆಂಡತಿಗೆ ಹೇಳುತ್ತಾಳೆ. ಅವನು ಎದುರಿಗೇ ಕೂತಿದ್ದರೂ.